ದೂರದ ನೋಟರಿ: ಮೊಹರಿಗಿಂತ ಮೊದಲು ಸಾಕ್ಷಿ



ಈಚೆಗೆ ಸಂಘದ ಕಛೇರಿಗೆ ಬರುವ ಬೆಳೆಗಾರರು ಗೊಬ್ಬರದ ದಾಸ್ತಾನು, ಅಡಿಕೆ ಧಾರಣೆ, ಕಾಫಿಯ ಬೆಲೆ ಇವುಗಳ ಜೊತೆಗೆ ಮತ್ತೊಂದು ವಿಷಯವನ್ನೂ ವಿಚಾರಿಸತೊಡಗಿದ್ದಾರೆ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಮನೆಯಲ್ಲೇ ಕುಳಿತು, ಫೋನಿನಲ್ಲಿ ಮುಖ ತೋರಿಸಿ, ನೋಟರಿಯ ಮೊಹರು ಹಾಕಿಸಿ ಪತ್ರ ಕಳಿಸಿಕೊಡುತ್ತಾರಂತೆ. ಅದು ನಡೆಯುತ್ತದೆಯೇ ಎಂಬುದು ಅವರ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ, ನಮ್ಮ ಅಭಿಪ್ರಾಯವನ್ನು ಎಲ್ಲರ ಮುಂದೆ ಇಡುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಪ್ರಶ್ನೆ ಏಕೆ ಹುಟ್ಟಿತೆಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಸಣ್ಣ ತೋಟಗಳಲ್ಲಿ ಅನೇಕವು ಇಂದಿಗೂ ಒಟ್ಟು ಖಾತೆಯಲ್ಲಿವೆ. ಪಹಣಿಯಲ್ಲಿ ನಾಲ್ಕೈದು ಹೆಸರು. ತೋಟದಲ್ಲಿ ಉಳಿದವರು ವಯಸ್ಸಾದ ತಾಯಿ ಮತ್ತು ಒಬ್ಬ ಮಗ. ಉಳಿದವರಲ್ಲಿ ಒಬ್ಬರು ಯಲಹಂಕದಲ್ಲಿ, ಒಬ್ಬರು ಆರ್.ಟಿ. ನಗರದಲ್ಲಿ, ಇನ್ನೊಬ್ಬರು ಸಮುದ್ರದಾಚೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದಾಚೆಗೆ ಊರು ಬೆಳೆದ ಬಗೆಯನ್ನು ಜಿ.ಕೆ.ವಿ.ಕೆ. ಕೃಷಿಮೇಳಕ್ಕೆ ಹೋಗಿಬರುವ ಸದಸ್ಯರೆಲ್ಲ ಕಣ್ಣಾರೆ ಕಂಡಿದ್ದಾರೆ. ನಮ್ಮ ಮಕ್ಕಳ ಸಂಬಳವೂ ಸಂಸಾರವೂ ಈಗ ಅಲ್ಲಿದೆ. ಆದರೆ ವಿಭಾಗಪತ್ರವಾಗಲಿ, ಹಕ್ಕು ಬಿಡುಗಡೆ ಪತ್ರವಾಗಲಿ, ಅಡಮಾನ ಪತ್ರವಾಗಲಿ ಪಹಣಿಯಲ್ಲಿರುವ ಎಲ್ಲರ ಸಹಿಯನ್ನೂ ಬೇಡುತ್ತದೆ. ಕಾಫಿ ಹಣ್ಣು ಗಿಡದಲ್ಲಿ ಕೆಂಪಾಗಿ ನಿಂತಿರುವಾಗ, ಅಡಿಕೆ ಸುಲಿಯುವ ಆಳುಗಳು ಅಂಗಳದಲ್ಲಿ ಕುಳಿತಿರುವಾಗ, ರಾತ್ರಿ ಬಸ್ಸು ಹತ್ತಿ ನಸುಕಿನಲ್ಲಿ ಯಶವಂತಪುರದಲ್ಲಿ ಇಳಿದು, ಒಂದು ಸಹಿ ಹಾಕಿಸಿ ಮರುರಾತ್ರಿ ಹಿಂದಿರುಗುವ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಅದನ್ನು ತಪ್ಪಿಸುವ ದಾರಿಯೊಂದಿದೆ ಎಂದರೆ ಯಾರಿಗೆ ಬೇಡ?

ಬೇಕೆನ್ನುವುದರಲ್ಲಿ ತಪ್ಪಿಲ್ಲ. ಆದರೆ 'ಆನ್‌ಲೈನ್ ನೋಟರಿ' ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಮೊದಲು ಅವುಗಳನ್ನು ಬಿಡಿಸಿ ನೋಡಬೇಕು.

ಮೊದಲನೆಯದು, ಹೊರದೇಶದ ಪದ್ಧತಿ. ಅಮೆರಿಕದ ವರ್ಜೀನಿಯಾ ರಾಜ್ಯವು 2011ರಲ್ಲಿ ಕಾನೂನು ಮಾಡಿ, 2012ರಿಂದ ನೋಟರಿಯು ವಿಡಿಯೋ ಮೂಲಕ ಸಹಿದಾರನನ್ನು ಕಂಡು ದೃಢೀಕರಿಸಬಹುದೆಂದು ಅವಕಾಶ ಕೊಟ್ಟಿತು. 2020ರ ಕೋವಿಡ್ ಕಾಲದಲ್ಲಿ ಅಲ್ಲಿನ ಇತರ ಅನೇಕ ರಾಜ್ಯಗಳೂ ಇದೇ ದಾರಿ ಹಿಡಿದವು. ಅದು ಅವರ ಕಾನೂನು. ಅಲ್ಲಿ ಅದಕ್ಕೆ ಬೆಲೆಯಿದೆ.

ಎರಡನೆಯದು, ಆಧಾರ್ ಆಧರಿಸಿದ ವಿದ್ಯುನ್ಮಾನ ಸಹಿ. ಇದು ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕೆಳಗೆ ಮಾನ್ಯವಾದದ್ದೇ. ಆದರೆ ಅದು ಸಹಿ ಮಾತ್ರ. ಸಹಿ ಹಾಕುವುದನ್ನು ಇನ್ನೊಬ್ಬರು ಎದುರಿಗಿದ್ದು ಕಂಡು ದೃಢೀಕರಿಸಿದ ಹಾಗೆ ಆಗುವುದಿಲ್ಲ.

ಮೂರನೆಯದು, ಮಧ್ಯವರ್ತಿಗಳು ನಡೆಸುವ ವ್ಯವಹಾರ. ಫೋನಿನಲ್ಲಿ ಹೆಸರು, ವಿಳಾಸ, ಆಧಾರ್ ಪ್ರತಿ ಕಳಿಸಿದರೆ ಇ-ಸ್ಟ್ಯಾಂಪ್ ಕಾಗದದ ಮೇಲೆ ಪತ್ರ ಬೆರಳಚ್ಚಾಗಿ, ಯಾವುದೋ ನೋಟರಿಯ ಮೊಹರು ಬಿದ್ದು, ಎರಡು ದಿನದಲ್ಲಿ ಮನೆಬಾಗಿಲಿಗೆ ಬರುತ್ತದೆ. ಬರೆದುಕೊಟ್ಟವನನ್ನು ಆ ನೋಟರಿ ಪರದೆಯ ಮೇಲಾದರೂ ಕಂಡಿದ್ದನೋ ಇಲ್ಲವೋ ಹೇಳುವವರಿಲ್ಲ. ನಮ್ಮ ಸದಸ್ಯರು ಹೆಚ್ಚಾಗಿ ವಿಚಾರಿಸುವುದು ಈ ಮೂರನೆಯದನ್ನೇ.

ಈಗ ನಮ್ಮ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ನೋಟರಿಗಳು 1952ರ ನೋಟರಿಗಳ ಅಧಿನಿಯಮ ಮತ್ತು 1956ರ ನಿಯಮಗಳಿಗೆ ಒಳಪಟ್ಟವರು. ಕೇಂದ್ರ ಸರ್ಕಾರವೋ ರಾಜ್ಯ ಸರ್ಕಾರವೋ ಅವರನ್ನು ನೇಮಿಸುತ್ತದೆ. ಕೆಲಸ ಮಾಡುವ ಪ್ರದೇಶವನ್ನು ಗೊತ್ತುಮಾಡುತ್ತದೆ. ಮಾಡಿದ ಪ್ರತಿಯೊಂದು ದೃಢೀಕರಣವನ್ನೂ ನೋಟರಿ ತನ್ನ ರಿಜಿಸ್ಟರಿನಲ್ಲಿ ಬರೆದಿಡಬೇಕು. ಈ ಅಧಿನಿಯಮದಲ್ಲಾಗಲಿ ನಿಯಮಗಳಲ್ಲಾಗಲಿ ವಿಡಿಯೋ ಮೂಲಕ ದೃಢೀಕರಿಸುವ ಏರ್ಪಾಡನ್ನು ಮಾಡಿಲ್ಲ. ಇನ್ನು ಮಾಹಿತಿ ತಂತ್ರಜ್ಞಾನ ಅಧಿನಿಯಮವು ತನ್ನ ಮೊದಲನೆಯ ಅನುಸೂಚಿಯಲ್ಲಿ ಕೆಲವು ಪತ್ರಗಳನ್ನು ವಿದ್ಯುನ್ಮಾನ ರೂಪದಿಂದ ಹೊರಗಿಟ್ಟಿದೆ. 2022ರಲ್ಲಿ ಆ ಪಟ್ಟಿಯನ್ನು ತಿದ್ದಿ, ಸ್ಥಿರಾಸ್ತಿಯ ಮಾರಾಟದ ಕರಾರನ್ನು ಅದರಿಂದ ತೆಗೆದರು. ರಿಸರ್ವ್ ಬ್ಯಾಂಕ್ ಮುಂತಾದ ನಿಯಂತ್ರಕರ ಹತೋಟಿಯಲ್ಲಿರುವ ಸಂಸ್ಥೆಗಳಿಗೆ ಬರೆದುಕೊಡುವ ಅಧಿಕಾರಪತ್ರಕ್ಕೂ ಸಡಿಲಿಕೆ ಕೊಟ್ಟರು. ಆದರೆ ಅಣ್ಣ ತಮ್ಮನಿಗೆ, ಮಗ ತಂದೆಗೆ ಬರೆದುಕೊಡುವ ಸಾಮಾನ್ಯ ಅಧಿಕಾರಪತ್ರ, ಅಂದರೆ ನಾವೆಲ್ಲ ಜಿ.ಪಿ.ಎ. ಎಂದು ಕರೆಯುವ ಪತ್ರ, ಇಂದಿಗೂ ಆ ಪಟ್ಟಿಯಲ್ಲೇ ಇದೆ. ಮರಣಶಾಸನವೂ ಅಲ್ಲೇ ಇದೆ. ನಮ್ಮವರಿಗೆ ಹೆಚ್ಚಾಗಿ ಬೇಕಾಗುವ ಎರಡು ಪತ್ರಗಳೂ ಕಾಗದದ ಮೇಲೆಯೇ, ಕೈಯಿಂದಲೇ ಆಗಬೇಕು.

ಇದಲ್ಲದೆ 1908ರ ನೋಂದಣಿ ಅಧಿನಿಯಮದ 33ನೆಯ ಕಲಮನ್ನೂ ನೆನಪಿಡಬೇಕು. ಬೇರೊಬ್ಬರ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಲು ಬೇಕಾದ ಅಧಿಕಾರಪತ್ರವನ್ನು, ಬರೆದುಕೊಡುವವನು ಭಾರತದಲ್ಲಿ ವಾಸವಾಗಿದ್ದರೆ, ಅವನ ವಾಸಸ್ಥಳದ ಸಬ್ ರಿಜಿಸ್ಟ್ರಾರ್ ಅಥವಾ ಜಿಲ್ಲಾ ನೋಂದಣಾಧಿಕಾರಿಯ ಎದುರಿನಲ್ಲೇ ಬರೆದು ದೃಢೀಕರಿಸಿಕೊಳ್ಳಬೇಕು. ನೋಟರಿಯ ದೃಢೀಕರಣ ಈ ಕೆಲಸಕ್ಕೆ ಸಲ್ಲುವುದು ಬರೆದುಕೊಡುವವನು ಹೊರದೇಶದಲ್ಲಿದ್ದರೆ ಮಾತ್ರ. ಹೀಗಿರುವಾಗ ಯಲಹಂಕದ ಮನೆಯಲ್ಲಿ ಕುಳಿತು ತರಿಸಿಕೊಂಡ ಮೊಹರಿನ ಕಾಗದವನ್ನು ನಮ್ಮ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಛೇರಿಯವರು ಹಿಂದಿರುಗಿಸಿದರೆ ಅವರನ್ನು ದೂರುವಂತಿಲ್ಲ. ಸದಸ್ಯರೊಬ್ಬರಿಗೆ ಹೀಗೆಯೇ ಆಯಿತು. ಪತ್ರ ತಿರಸ್ಕೃತವಾಗಿ, ಮತ್ತೆ ಬರೆಸಿ ತರುವಷ್ಟರಲ್ಲಿ ಸಾಲ ನವೀಕರಣದ ಗಡುವು ಮೀರಿತ್ತು. ಬಡ್ಡಿಯ ರಿಯಾಯಿತಿ ಕೈತಪ್ಪಿತು. ಉಳಿಸಹೊರಟದ್ದು ಒಂದು ಬಸ್ಸಿನ ಖರ್ಚು.

ಕಾನೂನು ಹೀಗಿದೆ ಎಂದಷ್ಟೇ ಹೇಳಿ ನಾವು ಸುಮ್ಮನಾಗುವುದಿಲ್ಲ. ಕಾನೂನು ನಾಳೆ ಬದಲಾಗಬಹುದು, ಬದಲಾಗುವ ಸೂಚನೆಯೂ ಇದೆ. 1908ರ ಅಧಿನಿಯಮದ ಜಾಗಕ್ಕೆ ಹೊಸದನ್ನು ತರುವ ಉದ್ದೇಶದಿಂದ ಕೇಂದ್ರದ ಭೂ ಸಂಪನ್ಮೂಲ ಇಲಾಖೆಯು 2025ರ ಮೇ ತಿಂಗಳಲ್ಲಿ ನೋಂದಣಿ ವಿಧೇಯಕದ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ದಸ್ತಾವೇಜನ್ನು ವಿದ್ಯುನ್ಮಾನ ರೀತಿಯಲ್ಲಿ ಹಾಜರುಪಡಿಸುವ ಅವಕಾಶ ಆ ಕರಡಿನಲ್ಲಿದೆ. ಸಾಕ್ಷಿಯ ಹೇಳಿಕೆಯನ್ನು ವಿಡಿಯೋ ಮೂಲಕ ದಾಖಲಿಸಿಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯ 2003ರಷ್ಟು ಹಿಂದೆಯೇ ಹೇಳಿದೆ. ಪಿಂಚಣಿದಾರರು ತಾವು ಜೀವಂತವಾಗಿರುವುದನ್ನು 2014ರಿಂದ 'ಜೀವನ್ ಪ್ರಮಾಣ್' ಮೂಲಕ ಯಂತ್ರದೆದುರು ಸಿದ್ಧಪಡಿಸುತ್ತಿದ್ದಾರೆ. ಈಗ ಫೋನಿಗೆ ಮುಖ ತೋರಿಸಿದರೂ ಸಾಕು. ಆದ್ದರಿಂದ ಪರದೆಯ ನೋಟರಿ ಇಂದಲ್ಲ ನಾಳೆ ಬರಲಾರದೆಂದು ಯಾರೂ ಹೇಳಲಾರರು. ಬರುವುದಾದರೆ ಅದು ಹೇಗೆ ಬರಬೇಕು ಎಂಬುದೇ ನಮ್ಮ ಚಿಂತೆ.

ಪಿಂಚಣಿಯ ಪ್ರಮಾಣಪತ್ರಕ್ಕೂ ಜಮೀನಿನ ಪತ್ರಕ್ಕೂ ಇರುವ ಅಂತರವನ್ನು ಸದಸ್ಯರು ಗಮನಿಸಬೇಕು. ಬದುಕಿದ್ದೇನೆ ಎಂಬ ಮಾತಿಗೆ ಯಾರ ಬಲವಂತವೂ ಬೇಕಿಲ್ಲ. ಅದರಲ್ಲಿ ತಪ್ಪಾದರೆ ಮುಂದಿನ ತಿಂಗಳು ಸರಿಪಡಿಸಬಹುದು. ತೋಟದ ಮೇಲೆ ಬರೆದುಕೊಟ್ಟ ಅಧಿಕಾರಪತ್ರ ಹಾಗಲ್ಲ. ಕಾಫಿ ಗಿಡ ಫಲಕ್ಕೆ ಬರಲು ಮೂರು ನಾಲ್ಕು ವರ್ಷ, ಅಡಿಕೆ ಮರಕ್ಕೆ ಅದಕ್ಕಿಂತಲೂ ಹೆಚ್ಚು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಂತಹ ಸಹಿಗೇ ಹೇಳಿದಂತಿದೆ. ನೋಟರಿಯ ಎದುರು ಬರೆದು ದೃಢೀಕೃತವಾದ ಅಧಿಕಾರಪತ್ರವನ್ನು ನ್ಯಾಯಾಲಯವು ಸಾಚಾ ಎಂದೇ ಭಾವಿಸಿಕೊಂಡು ಮುಂದುವರಿಯಬೇಕೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತ್ತು. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಎಂದರೆ, ಅದು ಸುಳ್ಳೆಂದು ಸಾಧಿಸುವ ಹೊರೆ ಮೋಸಹೋದವನ ತಲೆಯ ಮೇಲೆ ಬೀಳುತ್ತದೆ. ಒಂದು ಮೊಹರಿಗೆ ಕಾನೂನು ಇಷ್ಟು ಬೆಲೆ ಕೊಟ್ಟಿರುವುದು, ಅದನ್ನು ಒತ್ತಿದವನು ಎದುರಿಗೆ ಕುಳಿತು ನೋಡಿದ್ದಾನೆ ಎಂಬ ನಂಬಿಕೆಯ ಮೇಲೆ.

ಎದುರಿಗೆ ಕುಳಿತವನು ನೋಡುವುದು ಮುಖವನ್ನಷ್ಟೇ ಅಲ್ಲ. ಒಂದು ನಿದರ್ಶನವನ್ನು ಎಣಿಸಿಕೊಳ್ಳಿ. ತೋಟದ ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಇದ್ದಾರೆ. ಕಿವಿ ಮಂದ, ಓದಲು ಬಾರದು. ಹೆಬ್ಬಾಳದ ಮಗನ ಹೆಸರಿಗೋ, ಜೊತೆಯಲ್ಲಿರುವ ಮಗನ ಹೆಸರಿಗೋ ಅಧಿಕಾರಪತ್ರ ಆಗಬೇಕಾಗಿದೆ. ಫೋನನ್ನು ಆಕೆಯ ಮುಖದೆದುರು ಹಿಡಿದಿದ್ದಾರೆ. ದೂರದ ನೋಟರಿ "ಅಮ್ಮ, ನಿಮಗೆ ಒಪ್ಪಿಗೆಯೇ?" ಎನ್ನುತ್ತಾನೆ, ಆಕೆ ತಲೆಯಾಡಿಸುತ್ತಾರೆ. ಫೋನು ಹಿಡಿದ ಕೈ ಯಾರದು, ಬಾಗಿಲ ಮರೆಯಲ್ಲಿ ಯಾರು ನಿಂತಿದ್ದಾರೆ, ಹಿಂದಿನ ರಾತ್ರಿ ಆಕೆಗೆ ಏನು ಹೇಳಿ ಒಪ್ಪಿಸಿದರು ಎಂಬುದೊಂದೂ ಪರದೆಗೆ ಕಾಣುವುದಿಲ್ಲ. ಅದೇ ಅಧಿಕಾರಿ ಜಗಲಿಯಲ್ಲಿ ಬಂದು ಕುಳಿತರೆ, "ನೀವೆಲ್ಲ ಸ್ವಲ್ಪ ಹೊರಗಿರಿ, ನಾನು ಅಮ್ಮನ ಹತ್ತಿರ ಮಾತಾಡಬೇಕು" ಎನ್ನಬಲ್ಲ. ಬಡವಳ ತೋಟವನ್ನು ಕಾಯುವುದು ಆ ಒಂದು ಮಾತು.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಪದ್ಧತಿ ಪರಿಶುದ್ಧವಾಗಿತ್ತೆಂದು ನಾವು ವಾದಿಸುತ್ತಿಲ್ಲ. ಕಾಗದವೇ ಖೋಟಾ ಆದ ಕಾಲವನ್ನು ಈ ನಾಡು ಕಂಡಿದೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದದ ಹಗರಣ ಬಯಲಾದ ಮೇಲೆ, ಕೈಯಲ್ಲಿರುವ ಕಾಗದ ಅಸಲೋ ನಕಲೋ ಎಂದು ಹಲವರು ದಿಗಿಲುಗೊಂಡಿದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. ರಸ್ತೆ ಬದಿಯ ಮೇಜಿನ ಮೇಲೆ, ಬರೆದವನನ್ನು ತಲೆಯೆತ್ತಿಯೂ ನೋಡದೆ, ಕಟ್ಟುಗಟ್ಟಲೆ ಪತ್ರಗಳಿಗೆ ಮೊಹರೊತ್ತುವವರೂ ಇದ್ದಾರೆ. ಅಂತಹ ಮೊಹರಿಗೂ ಪರದೆಯ ಮೊಹರಿಗೂ ನಮ್ಮ ದೃಷ್ಟಿಯಲ್ಲಿ ಭೇದವಿಲ್ಲ. ಎರಡರಲ್ಲೂ ಸಾಕ್ಷಿ ಇಲ್ಲ.

ಇದೇ ಉತ್ತರ ಬೆಂಗಳೂರು ನಮಗೊಂದು ಪಾಠವನ್ನೂ ಕಲಿಸಿದೆ. 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮಕ್ಕೆ ಸಿಕ್ಕಿ ಕಾಫಿಯ ಬೆಲೆ ಏರಿದಾಗ, ನಮ್ಮ ಕಡೆಯವರು ಕೆಲವರು ಕೈಗೆ ಬಂದ ನಾಲ್ಕು ಕಾಸನ್ನು ಯಲಹಂಕ, ಹೆಬ್ಬಾಳದ ಕಡೆ ನಿವೇಶನಗಳಿಗೆ ಹಾಕಿದರು. ಕ್ರಯಪತ್ರ ಮಾಡಿಸಿಕೊಂಡವರು ನೆಮ್ಮದಿಯಾಗಿದ್ದಾರೆ. ನೋಟರಿಯ ಜಿ.ಪಿ.ಎ. ಒಂದು, ಅಫಿಡವಿಟ್ಟು ಒಂದು, ಹಣ ಸಂದ ರಸೀದಿ ಒಂದು, ಇವಿಷ್ಟನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡವರ ಪಾಡು ಬೇರೆ. ಅಧಿಕಾರಪತ್ರದ ಮೂಲಕ ನಡೆದ ಮಾರಾಟದಿಂದ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿತು. ಸುಲಭವಾಗಿ ದೊರೆತ ಮೊಹರನ್ನು ಹಕ್ಕುಪತ್ರವೆಂದು ಭಾವಿಸಿದ್ದೇ ಅಲ್ಲಿಯ ತೊಡಕಿನ ಮೂಲ. ಸುಲಭದ ಮೊಹರು ಮತ್ತೊಂದು ವೇಷದಲ್ಲಿ ಬಂದಾಗ ನಾವು ಎಚ್ಚರದಿಂದಿರುವುದು ಸಹಜವೇ ಆಗಿದೆ.

ಹಾಗಾದರೆ ದಾರಿ ಯಾವುದು? ಅದು ನಮ್ಮ ಸಹಕಾರಿ ಕ್ಷೇತ್ರದಲ್ಲಿಯೇ ಇದೆ ಎಂದು ನಾವು ನಂಬಿದ್ದೇವೆ. ಬೆಳೆಸಾಲ ಪಡೆಯುವ ರೈತನು ಜಮೀನಿನ ಮೇಲೆ ಋಣಭಾರ ಸೃಷ್ಟಿಸುವ ಡಿಕ್ಲರೇಷನ್ ಬರೆದುಕೊಡುವ ಪದ್ಧತಿ 1974ರ ಕರ್ನಾಟಕ ಕೃಷಿ ಸಾಲ ವ್ಯವಹಾರಗಳ ಅಧಿನಿಯಮದಿಂದ ಬಂದದ್ದು. ಮೊದಲು ಆ ಕಾಗದ ಸಬ್ ರಿಜಿಸ್ಟ್ರಾರ್ ಕಛೇರಿಗೆ, ಅಲ್ಲಿಂದ ತಾಲ್ಲೂಕು ಕಛೇರಿಗೆ ಅಲೆಯುತ್ತಿತ್ತು. ಅದರ ಹಿಂದೆ ರೈತನೂ ಅಲೆಯುತ್ತಿದ್ದ. ಈಗ ಫ್ರೂಟ್ಸ್, ಕಾವೇರಿ, ಭೂಮಿ ಈ ತಂತ್ರಾಂಶಗಳನ್ನು ಒಂದಕ್ಕೊಂದು ಜೋಡಿಸಿರುವುದರಿಂದ ಸಾಲ ಕೊಡುವ ಕಡೆಯಿಂದಲೇ ಋಣಭಾರ ದಾಖಲಾಗಿ ಪಹಣಿಗೆ ಏರುತ್ತದೆ. ಆದರೆ ರೈತ ಮಾತ್ರ ತನ್ನನ್ನು ಬಲ್ಲ ಸಂಘದ ಅಥವಾ ಬ್ಯಾಂಕಿನ ನೌಕರನ ಎದುರಿಗೇ ಕುಳಿತು ಸಹಿ ಹಾಕುತ್ತಾನೆ. ತಂತಿಯ ಮೇಲೆ ಓಡಿದ್ದು ಕಾಗದ; ಸಾಕ್ಷಿ ಇದ್ದಲ್ಲಿಯೇ ಇದ್ದಾನೆ.

ನಮ್ಮ ವಾದದ ತಿರುಳು ಇಷ್ಟೇ: ದೂರವಿರುವುದಾದರೆ ಅದು ಕಛೇರಿಗೂ ಕಛೇರಿಗೂ ನಡುವೆ ಇರಲಿ, ಸಹಿ ಹಾಕುವವರಿಗೂ ಸಾಕ್ಷಿಗೂ ನಡುವೆ ಬೇಡ. ಯಲಹಂಕದ ಮಗ ಯಲಹಂಕದ ಸಬ್ ರಿಜಿಸ್ಟ್ರಾರ್ ಎದುರು, ಮೂಡಿಗೆರೆಯ ತಾಯಿ ಮೂಡಿಗೆರೆಯ ಸಬ್ ರಿಜಿಸ್ಟ್ರಾರ್ ಎದುರು, ಒಂದೇ ಹೊತ್ತಿಗೆ ಕುಳಿತು ಒಂದೇ ವಿಭಾಗಪತ್ರಕ್ಕೆ ಸಹಿ ಹಾಕುವಂತಾದರೆ ಯಾರೂ ರಾತ್ರಿ ಬಸ್ಸು ಹತ್ತಬೇಕಾಗಿಲ್ಲ, ಯಾರೂ ಮೋಸಹೋಗಬೇಕಾಗಿಯೂ ಇಲ್ಲ. ಬೇಕಾದ ಯಂತ್ರಗಳು ಕಛೇರಿಗಳಲ್ಲಿ ಆಗಲೇ ಇವೆ. ಹೊಸ ಕಾನೂನು ಇಂತಹ ಅವಕಾಶವನ್ನು ಕೊಡಬೇಕೆಂದೂ, ಅಧಿಕಾರಪತ್ರ, ಹಕ್ಕು ಬಿಡುಗಡೆ, ದಾನಪತ್ರ ಇವುಗಳಲ್ಲಿ ಬರೆದುಕೊಡುವವರು ಅಧಿಕಾರಿಯ ಎದುರು ಇರುವ ಕಟ್ಟಳೆಯನ್ನು ಸಡಿಲಿಸಬಾರದೆಂದೂ ನಾವು ಒತ್ತಾಯಿಸಬೇಕಾಗಿದೆ. ಕಳೆದ ಪಹಣಿಗೆ, ಬ್ಯಾಂಕಿನ ಸಣ್ಣ ಘೋಷಣೆಗೆ, ಮಕ್ಕಳ ಶಾಲೆಯ ಅಫಿಡವಿಟ್ಟಿಗೆ ಪರದೆಯ ಸೌಲಭ್ಯ ಬಂದರೆ ನಮ್ಮ ತಕರಾರಿಲ್ಲ. ಅದರಿಂದ ನೋಟರಿಗಳ ಮೇಜಿನ ಮುಂದಿನ ಸಾಲಾದರೂ ಕರಗೀತು.

ಅಲ್ಲಿಯವರೆಗೆ ಸದಸ್ಯರು ಏನು ಮಾಡಬೇಕೆಂಬುದನ್ನೂ ಹೇಳುತ್ತೇವೆ.

ಬೆಂಗಳೂರಿನಲ್ಲಿರುವ ಮಕ್ಕಳು ತೋಟದ ವಿಷಯದಲ್ಲಿ ಅಧಿಕಾರಪತ್ರ ಕೊಡುವುದಿದ್ದರೆ, ತಾವು ವಾಸವಿರುವ ಭಾಗದ ಸಬ್ ರಿಜಿಸ್ಟ್ರಾರ್ ಕಛೇರಿಗೆ ಹೋಗಿ ಅಲ್ಲಿಯೇ ದೃಢೀಕರಿಸಿಕೊಳ್ಳಲಿ. ಅರ್ಧ ದಿನದ ರಜೆಯಲ್ಲಿ ಮುಗಿಯುವ ಕೆಲಸಕ್ಕೆ ಮಧ್ಯವರ್ತಿ ಬೇಡ. ಪತ್ರದಲ್ಲಿ 'ಸಕಲ ಅಧಿಕಾರ' ಎಂದು ಬರೆಯದೆ, ಸರ್ವೆ ನಂಬರು, ವಿಸ್ತೀರ್ಣ, ಮಾಡಬೇಕಾದ ಒಂದು ಕೆಲಸ, ಅದಕ್ಕೊಂದು ಅವಧಿ ಇವಿಷ್ಟನ್ನು ಕಾಣಿಸಲಿ. ಮಾರುವ ಅಧಿಕಾರ ಬೇಡವಾದರೆ ಬೇಡವೆಂದೇ ಬರೆಯಲಿ.

ಹೊರದೇಶದಲ್ಲಿರುವವರು ಭಾರತದ ಕಾನ್ಸುಲೇಟಿಗೆ ಹೋಗಿ ದೃಢೀಕರಿಸಿಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಅಲ್ಲಿಯ ನೋಟರಿಯ ಎದುರು ಮಾಡಿಸಿದರೆ ಆ ದೇಶದ ಅಪೊಸ್ಟಿಲ್ ಮುದ್ರೆಯನ್ನೂ ಪಡೆಯಲಿ. ಆ ಅಂತರರಾಷ್ಟ್ರೀಯ ಒಪ್ಪಂದ ನಮ್ಮ ದೇಶಕ್ಕೆ 2005ರ ಜುಲೈನಿಂದ ಅನ್ವಯವಾಗಿದೆ. ಪತ್ರ ಕರ್ನಾಟಕಕ್ಕೆ ಬಂದು ತಲಪಿದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬಂದ ಲಕೋಟೆಯನ್ನು ಜೋಪಾನವಾಗಿಡಿ. ತಲಪಿದ ದಿನಕ್ಕೆ ಅದೇ ಆಧಾರ.

ನಡೆಯಲಾಗದ ಹಿರಿಯರನ್ನು ಜೀಪಿನಲ್ಲಿ ಹೊತ್ತು ತಾಲ್ಲೂಕು ಕೇಂದ್ರಕ್ಕೆ ತರಬೇಕಾಗಿಲ್ಲ. ವಿಶೇಷ ಕಾರಣ ತೋರಿಸಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ನೋಂದಣಾಧಿಕಾರಿಯೇ ಮನೆಗೆ ಬರುವ ಅವಕಾಶ 1908ರ ಅಧಿನಿಯಮದ 31 ಮತ್ತು 38ನೆಯ ಕಲಮುಗಳಲ್ಲಿದೆ. ನೂರು ವರ್ಷ ದಾಟಿದ ಈ ಸೌಕರ್ಯವನ್ನು ಕೇಳಿ ಪಡೆಯುವವರು ಕಡಿಮೆ. ಅರ್ಜಿ ಬರೆದುಕೊಡಲು ಸಂಘದ ಕಛೇರಿ ಸಿದ್ಧವಿದೆ.

ಮರಣಶಾಸನಕ್ಕೆ ಛಾಪಾ ಕಾಗದವೂ ಬೇಡ, ನೋಟರಿಯೂ ಬೇಡ. ಬರೆದವರ ಸಹಿಯನ್ನು ಕಂಡ ಇಬ್ಬರು ಸಾಕ್ಷಿಗಳು ರುಜು ಹಾಕಬೇಕು, ಅಷ್ಟೇ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ತಕರಾರಿಗೆ ತಡೆಯಾದೀತು. ಸಾಕ್ಷಿಗಳು ತೋಟದ ಪಾಲಿಗೆ ಸಂಬಂಧಪಡದವರಾಗಿರಲಿ, ವಯಸ್ಸಿನಲ್ಲಿ ಕಿರಿಯರಾಗಿರಲಿ.

ಕೊನೆಯದಾಗಿ, ಹಿಂದೆ ಯಾರಿಗಾದರೂ ಅಧಿಕಾರಪತ್ರ ಕೊಟ್ಟು ಮರೆತಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಬೇಡವಾಗಿದ್ದರೆ ರದ್ದುಪತ್ರ ಮಾಡಿಸಿ, ಪಡೆದವನಿಗೂ ಬ್ಯಾಂಕು ಮೊದಲಾದವರಿಗೂ ಲಿಖಿತವಾಗಿ ತಿಳಿಸಿ. ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ, ಕಾವೇರಿ ತಂತ್ರಾಂಶದಿಂದ ಋಣಭಾರ ಪತ್ರವನ್ನೂ ಭೂಮಿಯಿಂದ ಪಹಣಿಯನ್ನೂ ತೆಗೆಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಾಯಿಕೊರಕವನ್ನು ಹುಡುಕಿದಷ್ಟೇ ಆಸ್ಥೆಯಿಂದ ಪಹಣಿಯ ಕಲಂಗಳನ್ನೂ ನೋಡಬೇಕು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳಿದರು. ಒಂದು ಸಹಿಗೆ ಹೋದ ತೋಟವೂ ಹಾಗೆಯೇ. ಮೇಲೆ ಹೇಳಿದ ಒತ್ತಾಯವನ್ನು ಠರಾವಿನ ರೂಪದಲ್ಲಿ ಮುಂದಿನ ವಾರ್ಷಿಕ ಮಹಾಸಭೆಯ ಮುಂದಿಡಲು ಉದ್ದೇಶಿಸಿದ್ದೇವೆ. ಒಪ್ಪುವವರೂ ಒಪ್ಪದವರೂ ತಮ್ಮ ಮಾತನ್ನು ಬರೆದು ಕಛೇರಿಗೆ ತಲಪಿಸಬೇಕು. ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳೂ ಬರೆಯಲಿ. ಈ ಕಾನೂನಿನ ಕೆಳಗೆ ನಾಳೆ ಸಹಿ ಹಾಕಬೇಕಾದವರು ಅವರೇ.

ಕಾರ್ಯದರ್ಶಿ